ಪಾರಂಪರಿಕ ಕಾಲೇಜು ಕಟ್ಟಡಗಳು: ನವೀಕರಣಕ್ಕೆ ಹಣವುಂಟು, ನಿರ್ವಹಣೆಗೆ?

ಮೈಸೂರಿನ ಮಾನಸಗಂಗೋತ್ರಿ ಆವರಣದಲ್ಲಿರುವ ಜಯಲಕ್ಷ್ಮೀ ವಿಲಾಸ ಅರಮನೆಯನ್ನು ಕಾಣದ ಮೈಸೂರಿಗರು ವಿರಳ. 1905ರ ಸುಮಾರಿನಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರಿಗಾಗಿ ನಿರ್ಮಾಣಗೊಂಡ ಈ ಭವನವು ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಸ್ವತ್ತಾಯಿತು. 1960ರ ದಶಕದ ಕೊನೆಯ ವೇಳೆಗೆ ಅಲ್ಲಿ ಜಾನಪದ ವಸ್ತುಸಂಗ್ರಹಾಲಯ ನೆಲೆಗೊಂಡಿತು. 2000ರ ದಶಕದ ಮೊದಲ ವರ್ಷಗಳಲ್ಲಿ ಇನ್ಫೋಸಿಸ್ ಪ್ರತಿಷ್ಠಾನವು ನೀಡಿದ ಸುಮಾರು 1.17 ಕೋಟಿ ರೂಪಾಯಿಗಳ ನೆರವಿನಿಂದ ಕಟ್ಟಡ ನವೀಕರಣಗೊಂಡು ಹೊಸ ಕಳೆ ಪಡೆಯಿತು. ಎರಡು ದಶಕಗಳು ತುಂಬುವಷ್ಟರಲ್ಲಿ ಅದು ಮತ್ತೆ ಶಿಥಿಲವಾಯಿತು. 2024ರಲ್ಲಿ ಅಮೆರಿಕದ ರಾಯಭಾರಿಗಳ ಸಾಂಸ್ಕೃತಿಕ ಸಂರಕ್ಷಣಾ ನಿಧಿಯಿಂದ ಸುಮಾರು 2.65 ಕೋಟಿ ರೂಪಾಯಿ ಘೋಷಣೆಯಾಯಿತು. ಅದೂ ಪಶ್ಚಿಮ ಪಾರ್ಶ್ವದ ಜೀರ್ಣೋದ್ಧಾರಕ್ಕೆ ಮಾತ್ರ. ಬೆಲೆ ಏರಿಕೆಯನ್ನು ಲೆಕ್ಕಕ್ಕೆ ಹಿಡಿದರೂ, ಒಂದೇ ಕಟ್ಟಡಕ್ಕೆ ಒಂದೇ ತಲೆಮಾರಿನಲ್ಲಿ ಎರಡು ಬಾರಿ ದಾನಿಗಳನ್ನು ಹುಡುಕಬೇಕಾಗಿ ಬಂದುದು ಉದ್ಯಮಿಗಳು ಗಮನಿಸಬೇಕಾದ ಸಂಗತಿ.

ಇಲ್ಲಿ ದಾನಿಗಳ ಔದಾರ್ಯದಲ್ಲಿ ಕೊರತೆಯಿರಲಿಲ್ಲ. ಕೊರತೆಯಿರುವುದು ಲೆಕ್ಕಪತ್ರದ ಇನ್ನೊಂದು ಕಾಲಂನಲ್ಲಿ.

ಶತಮಾನದ ಹಿಂದಿನ ನಮ್ಮ ಕಾಲೇಜು ಕಟ್ಟಡಗಳ ರಚನೆಯನ್ನು ಒಮ್ಮೆ ಅವಲೋಕಿಸುವುದು ಉಚಿತ. ಇವು ಬಹುಪಾಲು ಇಟ್ಟಿಗೆ ಮತ್ತು ಸುಣ್ಣದ ಗಾರೆಯ ದಪ್ಪ ಗೋಡೆಗಳ ಮೇಲೆ ನಿಂತವು. ಮರದ ತೊಲೆಗಳ ಮೇಲೆ ಇಟ್ಟಿಗೆಗಳನ್ನು ಓರೆಯಾಗಿ ಜೋಡಿಸಿ ಗಾರೆ ಹಾಕಿದ ಮದ್ರಾಸ್ ಟೆರೇಸ್ ಇವುಗಳ ಸಾಮಾನ್ಯ ಛಾವಣಿ. ಸುಣ್ಣದ ಗಾರೆ ತೇವವನ್ನು ಹೀರಿ ಮತ್ತೆ ಹೊರಬಿಡುತ್ತದೆ. ಬಿರುಕು ಕಂಡಲ್ಲಿ ಸಿಮೆಂಟ್ ಮೆತ್ತಿದರೆ ನೀರು ಒಳಗೇ ನಿಂತು ತೊಲೆಯ ತುದಿಯನ್ನು ಕೊಳೆಯಿಸುತ್ತದೆ. ಹೊರಗಿನಿಂದ ಗೋಡೆ ಹೊಸದರಂತೆ ಹೊಳೆಯುತ್ತಿರುವಾಗಲೇ ತೊಲೆ ಟೊಳ್ಳಾಗಿರುತ್ತದೆ. ಮಳೆಗಾಲಕ್ಕೆ ಮುನ್ನ ತಾರಸಿಯ ಎಲೆ-ಕಸ ಗುಡಿಸುವುದು, ನೀರಿನ ಕೊಳವೆಗಳನ್ನು ಶುಚಿಮಾಡುವುದು, ಗೋಡೆಯ ಸಂದಿನಲ್ಲಿ ಮೊಳೆತ ಅರಳಿ ಗಿಡವನ್ನು ಬೇರುಸಹಿತ ಕೀಳುವುದು ಮೊದಲಾದ ಕೆಲಸಗಳಿಗೆ ತಗಲುವ ವೆಚ್ಚ ಅತ್ಯಲ್ಪ. ಇವುಗಳಿಗೆ ಶಿಲಾನ್ಯಾಸವಿಲ್ಲ, ಫಲಕವಿಲ್ಲ. ಆದ್ದರಿಂದ ದಾನಿಗಳೂ ಇಲ್ಲ.

ಆಧುನೀಕರಣದ ಒತ್ತಡವೂ ಇದರೊಡನೆ ಸೇರುತ್ತದೆ. ಪ್ರಯೋಗಾಲಯಕ್ಕೆ ಹವಾನಿಯಂತ್ರಣ, ಹೆಚ್ಚಿನ ವಿದ್ಯುತ್ ಭಾರ, ನೀರು ಮತ್ತು ಅನಿಲದ ಕೊಳವೆಗಳು, ಗ್ರಂಥಾಲಯಕ್ಕೆ ಉಕ್ಕಿನ ಕಪಾಟುಗಳು ಇಂದು ಅಗತ್ಯವೇ ಸರಿ. ಆದರೆ ಇವೆಲ್ಲವನ್ನೂ ಹಳೆಯ ತೊಲೆ-ಗೋಡೆಗಳ ಮೇಲೆಯೇ ಹೇರುವುದು ವಿವೇಕವಲ್ಲ. ಉಪನ್ಯಾಸ, ವಿಚಾರ ಸಂಕಿರಣ, ಕಚೇರಿಗಳಿಗೆ ಹಳೆಯ ಕಟ್ಟಡವನ್ನು ಉಳಿಸಿಕೊಂಡು, ಪ್ರಯೋಗಾಲಯಗಳನ್ನು ಅದೇ ಆವರಣದ ಹಿಂಭಾಗದಲ್ಲಿ ಕಟ್ಟಿದ ಹೊಸ ವಿಭಾಗಕ್ಕೆ ಸಾಗಿಸುವುದು ಒಟ್ಟಾರೆ ಅಗ್ಗದ ಮಾರ್ಗ.

ಅಲಕ್ಷ್ಯದ ಬೆಲೆ ಏನೆಂಬುದನ್ನು ಮೈಸೂರು ಕಂಡಿದೆ. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಅಸುನೀಗಿದರು. 2022ರ ಅಕ್ಟೋಬರ್‌ನಲ್ಲಿ ನೂರು ವರ್ಷ ದಾಟಿದ ಮಹಾರಾಣಿ ವಿಜ್ಞಾನ ಕಾಲೇಜಿನ ಒಂದು ಪಾರ್ಶ್ವವು, ರಸಾಯನಶಾಸ್ತ್ರ ಪ್ರಯೋಗಾಲಯ ಸಹಿತ, ನೆಲಕ್ಕೊರಗಿತು. ವಿದ್ಯಾರ್ಥಿನಿಯರನ್ನು ಸಕಾಲದಲ್ಲಿ ಹೊರಗೆ ಕಳುಹಿಸಿದ್ದರಿಂದ ಪ್ರಾಣಹಾನಿ ತಪ್ಪಿತು.

ಕಾನೂನು ಏನು ಹೇಳುತ್ತದೆ?

2013ರ ಕಂಪನಿ ಕಾಯ್ದೆಯ 135ನೇ ಕಲಮಿಗೆ ಒಳಪಡುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವ್ಯಯಿಸಬೇಕು. ಐತಿಹಾಸಿಕ ಮಹತ್ವದ ಕಟ್ಟಡಗಳ ಜೀರ್ಣೋದ್ಧಾರವು ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಸ್ಪಷ್ಟವಾಗಿ ಸೇರಿದೆ; ಶಿಕ್ಷಣದ ಪ್ರೋತ್ಸಾಹವೂ ಸೇರಿದೆ. ತೊಡಕು ಇರುವುದು ಬೇರೆಡೆ. 2021ರ ಜನವರಿಯ ತಿದ್ದುಪಡಿ ನಿಯಮಗಳ ನಂತರ ಯಾವುದೇ ಸಂಸ್ಥೆಯ ಕಾರ್ಪಸ್ ನಿಧಿಗೆ ನೀಡಿದ ಮೊತ್ತವನ್ನು ಸಿಎಸ್‌ಆರ್ ವೆಚ್ಚವೆಂದು ತೋರಿಸುವಂತಿಲ್ಲ. ಅರ್ಥಾತ್, ಛಾವಣಿಯನ್ನು ಹೊಸದಾಗಿ ಹೊದಿಸಲು ಕಂಪನಿ ಹಣ ಕೊಡಬಹುದು. ಅದೇ ಛಾವಣಿಯನ್ನು ವರ್ಷವರ್ಷವೂ ಕಾಪಾಡುವ ಶಾಶ್ವತ ಠೇವಣಿಗೆ ಕೊಟ್ಟರೆ ಅದು ಲೆಕ್ಕಕ್ಕೆ ಸೇರದು. ಸಂಸ್ಥೆಗಳು ಹಣವನ್ನು ಠೇವಣಿಯಲ್ಲಿಟ್ಟು ಕೆಲಸ ಮಾಡದೆ ಕೂರಬಾರದೆಂಬ ನಿಯಮದ ಉದ್ದೇಶ ಸರಿಯಾದುದೇ. ಹಳೆಯ ಕಟ್ಟಡಗಳ ಪಾಲಿಗೆ ಮಾತ್ರ ಅದು ವಿಪರೀತವಾಗಿ ಪರಿಣಮಿಸಿದೆ.

ಆದರೂ ದಾರಿಗಳಿಲ್ಲದಿಲ್ಲ. ಅದೇ ನಿಯಮಗಳು ಮುಂದುವರಿಯುವ ಯೋಜನೆಗೆ ಆರಂಭದ ವರ್ಷವನ್ನು ಬಿಟ್ಟು ಮೂರು ವರ್ಷಗಳ ಅವಕಾಶ ನೀಡುತ್ತವೆ. ಕಾಮಗಾರಿಯನ್ನು ಮೊದಲ ಎರಡು ವರ್ಷಗಳಲ್ಲಿ ಮುಗಿಸಿ, ನಂತರದ ಎರಡು ಮಳೆಗಾಲಗಳ ತಪಾಸಣೆ-ದುರಸ್ತಿಯನ್ನು ಅದೇ ಯೋಜನೆಯ ಅಂದಾಜಿನಲ್ಲಿ ಸೇರಿಸಬಹುದು. ಆ ಬಳಿಕ ವಾರ್ಷಿಕ ನಿರ್ವಹಣೆಯನ್ನು ಹೊಸ ಯೋಜನೆಯಾಗಿ ನಿರ್ದೇಶಕ ಮಂಡಳಿಯ ಮುಂದಿಡಬಹುದು. ಕಲಮಿಗೆ ಒಳಪಡದ ಪಾಲುದಾರಿಕೆ ಸಂಸ್ಥೆಗಳು, ಸಣ್ಣ ಉದ್ದಿಮೆಗಳು ಹಾಗೂ ಹಳೆಯ ವಿದ್ಯಾರ್ಥಿಗಳಿಗೆ ಕಾರ್ಪಸ್‌ನ ಈ ನಿರ್ಬಂಧ ಅನ್ವಯಿಸದು. ದೊಡ್ಡ ಕಂಪನಿಯಿಂದ ಕಾಮಗಾರಿ, ಊರಿನ ವರ್ತಕರಿಂದ ಠೇವಣಿ ಎಂಬ ಹಂಚಿಕೆ ವಾಣಿಜ್ಯ ಮಂಡಳಿಗಳು ಸುಲಭವಾಗಿ ಏರ್ಪಡಿಸಬಹುದಾದದ್ದು.

ಉದಾಹರಣೆಗೆ, 1.17 ಕೋಟಿಯ ಐದನೇ ಒಂದು ಭಾಗ, ಅಂದರೆ 23.40 ಲಕ್ಷ ರೂಪಾಯಿಗಳನ್ನು ಶೇ. 7ರ ಬಡ್ಡಿಗೆ ಇರಿಸಿದರೆ ವರ್ಷಕ್ಕೆ ಸುಮಾರು 1.64 ಲಕ್ಷ ಬರುತ್ತದೆ. ಅರಮನೆಯಂತಹ ಕಟ್ಟಡಕ್ಕೆ ಇದು ದೊಡ್ಡ ಮೊತ್ತವಲ್ಲ. ಆದರೆ ಪ್ರತಿ ಮೇ ತಿಂಗಳಲ್ಲಿ ಗಾರೆ ಕೆಲಸ ಬಲ್ಲವರೊಬ್ಬರನ್ನು ತಾರಸಿಗೆ ಹತ್ತಿಸಿ ಸಣ್ಣಪುಟ್ಟ ಬಿರುಕುಗಳನ್ನು ಮುಚ್ಚಿಸಲು ಸಾಕಾದೀತು.

ಕಾಲೇಜಿನ ಆಡಳಿತವೂ ತನ್ನ ಪಾಲಿನದನ್ನು ಮಾಡಬೇಕು. ಹಲವು ಸಂಸ್ಥೆಗಳ ಆಸ್ತಿ ವಹಿಯಲ್ಲಿ ಇಂತಹ ಕಟ್ಟಡದ ಮೌಲ್ಯ ಸವಕಳಿಯ ನಂತರ ಹೆಸರಿಗಷ್ಟೇ ಉಳಿದಿರುತ್ತದೆ. ಪುಸ್ತಕದಲ್ಲಿ ಬೆಲೆಯಿಲ್ಲದ್ದಕ್ಕೆ ಮುಂಗಡಪತ್ರದಲ್ಲಿ ದುರಸ್ತಿಯ ಹಣ ಕೇಳುವವರಿಲ್ಲ. ನೆರವು ಸ್ವೀಕರಿಸುವ ಮೊದಲೇ ಕಟ್ಟಡ ನಿರ್ವಹಣೆಗೆ ಪ್ರತ್ಯೇಕ ಲೆಕ್ಕಶೀರ್ಷಿಕೆ ತೆರೆದು, ಸಭಾಂಗಣದ ಬಾಡಿಗೆ, ಪ್ರವೇಶ ಶುಲ್ಕಗಳನ್ನು ಅದಕ್ಕೇ ಜಮೆ ಮಾಡುವ ನಿರ್ಣಯ ಕೈಗೊಳ್ಳಬೇಕು. ಚೆಕ್ಕಿಗೆ ಸಹಿ ಹಾಕುವ ಮುನ್ನ ದಾನಿಗಳು ಆ ನಿರ್ಣಯದ ಪ್ರತಿಯನ್ನು ಕೇಳಿ ಪಡೆಯುವುದರಲ್ಲಿ ಸಂಕೋಚವೇನೂ ಬೇಕಿಲ್ಲ.