ಸ್ವಿಚ್‌ನ ಬಾಗಿಲಿಗೆ ಒಂದು ಬೋರ್ಡ್: ಲಾಗಿನ್ ಬ್ಯಾನರ್ ಯಾಕೆ ಬೇಕು?

ಇವತ್ತಿನ ವಿಷಯ ನೆಟ್‌ವರ್ಕ್ ಸ್ವಿಚ್‌ನ ಲಾಗಿನ್ ಬ್ಯಾನರ್. ಹೆಸರು ಕೇಳಿ ಸ್ಕಿಪ್ ಮಾಡ್ಬೇಡಿ. ನನ್ನ ಫ್ರೆಂಡ್ ಒಬ್ಬನ ಇಂಟರ್ನ್‌ಶಿಪ್ ಹೋಗಿದ್ದು ಇದೇ ವಿಷಯಕ್ಕೆ.

ಸ್ವಿಚ್ ಅಂದ್ರೆ ಆಫೀಸು, ಕಾಲೇಜ್ ಲ್ಯಾಬ್‌ಗಳಲ್ಲಿ ಹತ್ತಾರು ಕೇಬಲ್ ಚುಚ್ಚಿಕೊಂಡು ಮಿಣಮಿಣ ಅನ್ನೋ ಪೆಟ್ಟಿಗೆ. ಕಂಪ್ಯೂಟರ್, ಪ್ರಿಂಟರ್, ವೈಫೈ ಎಲ್ಲಾ ಒಂದಕ್ಕೊಂದು ಮಾತಾಡೋದು ಅದರ ಮೂಲಕ. ಆಫೀಸ್ ಸ್ವಿಚ್‌ಗಳಿಗೆ ಲಾಗಿನ್ ಆಗಿ ಸೆಟ್ಟಿಂಗ್ಸ್ ಬದಲಾಯಿಸಬಹುದು. ಆಗ ಪರದೆ ಮೇಲೆ ಬರೋ ಸಂದೇಶವೇ ಬ್ಯಾನರ್.

ನನ್ನ ಫ್ರೆಂಡ್ ಇದ್ದ ಆಫೀಸಿನ ಬ್ಯಾನರ್‌ನಲ್ಲಿ ದೊಡ್ಡದಾಗಿ 'ವೆಲ್‌ಕಮ್' ಅಂತಿತ್ತು. ಕೆಳಗೆ ಕಂಪನಿ ಹೆಸರು, ಸ್ವಿಚ್ ಮಾಡೆಲ್, ಯಾವ ಫ್ಲೋರ್ ಅನ್ನೋದೂ ಇತ್ತು. ಪಾಸ್‌ವರ್ಡ್ ಚೀಟಿ ರ‍್ಯಾಕ್‌ಗೇ ಅಂಟಿಸಿದ್ರು. ಇವನು ಕುತೂಹಲಕ್ಕೆ ಒಳಗೆ ಹೋಗಿ ನೋಡಿದ, ಏನೂ ಮುಟ್ಟಲಿಲ್ಲ. ಲಾಗ್‌ನಲ್ಲಿ ಸಿಕ್ಕಿಬಿದ್ದ. ನಾಳೆಯಿಂದ ಬರಬೇಡ ಅಂದ್ರು. "ವೆಲ್‌ಕಮ್ ಅಂತ ಅವರೇ ಹಾಕಿದ್ರಲ್ಲೋ" ಅಂತ ನನ್ನ ಹತ್ರ ಗೋಳಾಡಿದ.

ತಪ್ಪು ಅವನದೇ. 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 43ರ ಪ್ರಕಾರ, ಮಾಲೀಕರ ಅಥವಾ ಉಸ್ತುವಾರಿ ಇರೋರ ಅನುಮತಿ ಇಲ್ಲದೆ ನೆಟ್‌ವರ್ಕ್ ಒಳಗೆ ಹೋಗೋ ಹಾಗಿಲ್ಲ. ಅದನ್ನೇ ಮೋಸದ ಉದ್ದೇಶದಿಂದ ಮಾಡಿದ್ರೆ ಸೆಕ್ಷನ್ 66: 3 ವರ್ಷದವರೆಗೆ ಜೈಲು, ಇಲ್ಲಾ 5 ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ಆದ್ರೆ ಬಾಗಿಲಲ್ಲಿ ಸರಿಯಾದ ಬೋರ್ಡ್ ಇದ್ದಿದ್ರೆ ಅವನು ಅಲ್ಲೇ ನಿಲ್ತಿದ್ನೇನೋ.

ಬೋರ್ಡ್ ಎಲ್ಲಿ ಹಾಕ್ತೀವಿ ಅನ್ನೋದೂ ಮುಖ್ಯ. ಬಿಕಾಂನ ಬ್ಯುಸಿನೆಸ್ ಲಾ ಕ್ಲಾಸಲ್ಲಿ ಇಂಗ್ಲೆಂಡಿನ 1949ರ ಒಂದು ಕೇಸ್ ಓದಿದ್ದೆ: ಓಲಿ ವರ್ಸಸ್ ಮಾರ್ಲ್‌ಬರೋ ಕೋರ್ಟ್. ಹೋಟೆಲ್‌ನಲ್ಲಿ ಕಳ್ಳತನ ಆಯ್ತು. ನಾವು ಜವಾಬ್ದಾರರಲ್ಲ ಅನ್ನೋ ನೋಟಿಸ್ ರೂಮಿನೊಳಗೆ ಇತ್ತು. ಆದ್ರೆ ಒಪ್ಪಂದ ಕೆಳಗೆ ರಿಸೆಪ್ಷನ್‌ನಲ್ಲೇ ಮುಗಿದಿತ್ತು. ಆಮೇಲೆ ತೋರಿಸಿದ ನೋಟಿಸ್ ನಡೆಯಲ್ಲ ಅಂತು ಕೋರ್ಟ್. ಅದು ಬೇರೆ ಕಾನೂನು, ಆದ್ರೆ ಪಾಠ ಇಲ್ಲಿಗೂ ಹೊಂದುತ್ತೆ: ಎಚ್ಚರಿಕೆ ಒಳಗೆ ಬರೋ ಮೊದಲೇ ಕಾಣಬೇಕು.

ಸಿಸ್ಕೋ ಸ್ವಿಚ್ ತಗೊಳ್ಳಿ. 'ಬ್ಯಾನರ್ ಲಾಗಿನ್' ಬರೋದು ಪಾಸ್‌ವರ್ಡ್ ಕೇಳೋ ಮೊದಲು. 'ಬ್ಯಾನರ್ ಎಕ್ಸೆಕ್' ಬರೋದು ಒಳಗೆ ಹೋದ ಮೇಲೆ. 'ಬ್ಯಾನರ್ ಎಂಒಟಿಡಿ' ಅಂದ್ರೆ ದಿನದ ಸಂದೇಶ. ಭಾನುವಾರ ಮೇಂಟೆನೆನ್ಸ್ ಇದೆ ಅನ್ನೋ ಥರದ ಸುದ್ದಿಗೆ ಅದು ಸಾಕು. ಎಚ್ಚರಿಕೆಗೆ ಲಾಗಿನ್ ಬ್ಯಾನರೇ ಸರಿ.

ಹಾಕೋದು ಸುಲಭ. ಮೊದಲು 'ಕಾನ್ಫಿಗರ್ ಟರ್ಮಿನಲ್'. ಆಮೇಲೆ 'ಬ್ಯಾನರ್ ಲಾಗಿನ್' ಅಂತ ಟೈಪ್ ಮಾಡಿ, ಸ್ಪೇಸ್ ಬಿಟ್ಟು # ಹಾಕಿ, ಸಂದೇಶ ಬರೆದು, ಕೊನೆಗೆ ಇನ್ನೊಂದು # ಹಾಕಿ ಎಂಟರ್ ಒತ್ತಿ. ಆ # ಶುರು ಎಲ್ಲಿ, ಕೊನೆ ಎಲ್ಲಿ ಅಂತ ತೋರಿಸೋ ಗುರುತು ಅಷ್ಟೇ. ಅದಕ್ಕೇ ಸಂದೇಶದ ಮಧ್ಯೆ # ಬರಬಾರದು, ಬಂದ್ರೆ ಅಲ್ಲಿಗೇ ಕಟ್ ಆಗುತ್ತೆ. ಕೊನೆಗೆ 'ಎಂಡ್' ಕೊಟ್ಟು, ರನ್ನಿಂಗ್ ಕಾನ್ಫಿಗ್ ಅನ್ನು ಸ್ಟಾರ್ಟಪ್ ಕಾನ್ಫಿಗ್‌ಗೆ ಕಾಪಿ ಮಾಡಿ. ಮರೆತ್ರೆ ಕರೆಂಟ್ ಹೋಗಿ ಸ್ವಿಚ್ ಆಫ್ ಆದಾಗ ಬ್ಯಾನರೂ ಹೋಗುತ್ತೆ. ಲಾಗೌಟ್ ಆಗಿ, ಮತ್ತೆ ಲಾಗಿನ್ ಆಗಿ ಒಮ್ಮೆ ಕಣ್ಣಾರೆ ನೋಡಿ.

ಏನು ಬರೀಬೇಕು? ಮೂರು ಮಾತು ಸಾಕು: ಅನುಮತಿ ಇದ್ದವರಿಗೆ ಮಾತ್ರ ಪ್ರವೇಶ, ಇಲ್ಲಿ ನಡೆಯೋದೆಲ್ಲಾ ದಾಖಲಾಗುತ್ತೆ, ಅನುಮತಿ ಇಲ್ಲದಿದ್ರೆ ಈಗಲೇ ಹೊರಗೆ ಹೋಗಿ. ದಾಖಲಾಗುತ್ತೆ ಅಂತ ಬರೆದ್ರೆ ಲಾಗ್ ನಿಜವಾಗ್ಲೂ ಆನ್ ಇರಬೇಕು. ಕಂಪನಿ ಹೆಸರು, ಮಾಡೆಲ್, ಫೋನ್ ನಂಬರ್ ಬೇಡ, ಅದು ಕಳ್ಳನಿಗೆ ವಿಳಾಸ ಕೊಟ್ಟ ಹಾಗೆ. 'ವೆಲ್‌ಕಮ್' ಅಂತೂ ಬೇಡವೇ ಬೇಡ.

ಒಂದು ನೆನಪಿರಲಿ, ಬೋರ್ಡ್ ಬೀಗ ಅಲ್ಲ. ಗಟ್ಟಿ ಪಾಸ್‌ವರ್ಡ್ ಬೇಕೇ ಬೇಕು, ರ‍್ಯಾಕ್ ಮೇಲಿನ ಚೀಟಿ ಕಿತ್ತು ಹಾಕಲೇಬೇಕು. ಇಂಟರ್ನ್‌ಶಿಪ್‌ಗೆ ಹೊರಟಿರೋರಿಗೆ ನನ್ನ ಮಾತು ಇಷ್ಟೇ: ಬೋರ್ಡ್ ಇರಲಿ, ಇಲ್ಲದಿರಲಿ, ಲಾಗಿನ್ ಆಗೋ ಮೊದಲು "ಸರ್, ನೋಡ್ಬಹುದಾ?" ಅಂತ ಒಂದು ಮಾತು ಕೇಳಿ.

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.