ಊರ ಕಲ್ಲೂ ಪಾಠವೇ

ತಮ್ಮೂರಿನ ಪರಂಪರೆಯ ಬಗ್ಗೆ ತರಗತಿಯಲ್ಲಿ ಮಾತನಾಡಬೇಕಾದ ಮಕ್ಕಳು ಹಂಪಿ, ಬೇಲೂರುಗಳತ್ತ ಹೊರಳುವುದೇ ಹೆಚ್ಚು. ಆದರೆ ಕೆರೆ ಏರಿಯ ವೀರಗಲ್ಲನ್ನೂ ಓದಬಹುದು. ಸಾಮಾನ್ಯವಾಗಿ ಅದರ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಮಡಿದವನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿಯಲ್ಲಿ ಕುಳಿತ ವೀರ.

ಮಂಡ್ಯ ಜಿಲ್ಲೆಯ ಆತಕೂರಿನ ಕ್ರಿ.ಶ. 949-50ರ ಕಲ್ಲಂತೂ ಕಾಡುಹಂದಿಯೊಡನೆ ಹೋರಾಡಿ ಸತ್ತ ‘ಕಾಳಿ’ ಎಂಬ ನಾಯಿಯನ್ನು ನೆನೆಯುತ್ತದೆ. ಅದು ಬೆಂಗಳೂರಿನ ವಸ್ತುಸಂಗ್ರಹಾಲಯ ಸೇರಿ ಉಳಿಯಿತು. ಎಲ್ಲ ಕಲ್ಲಿಗೂ ಆ ಭಾಗ್ಯವಿಲ್ಲ. ಬಟ್ಟೆ ಒಗೆಯುವ ಚಪ್ಪಡಿಯಾಗಿ ಸವೆದವೂ ಉಂಟು, ಮಣ್ಣಿನಡಿ ಹೂತವೂ ಉಂಟು.

ಆದ್ದರಿಂದ ಮಕ್ಕಳು ಕಲ್ಲಿರುವ ಜಾಗ, ಅಳತೆ, ಚಿತ್ರಗಳನ್ನು ಮೊದಲು ಗುರುತಿಸಿಕೊಳ್ಳಬೇಕು. ಹಿರಿಯರು ಹೇಳುವ ಕಥೆಯನ್ನು ಬೇರೆಯಾಗಿಯೇ ಬರೆದಿಡಬೇಕು. ಕಂಡದ್ದು ಒಂದು, ಕೇಳಿದ್ದು ಇನ್ನೊಂದು. ನಾಳೆ ಕಲ್ಲು ಕಾಣೆಯಾದರೆ ಆ ನೋಟ್‌ಬುಕ್ಕೇ ಊರಿಗೆ ಸಾಕ್ಷಿ.