ಮನಸ್ಸಿಲ್ಲದ ಆಟ

ಮಕ್ಕಳ ಬಾಯಿಂದ ಹೊರಡುವ ಪ್ರಶ್ನೆಗಳಲ್ಲಿ ಕೆಲವು ಹಿರಿಯರಿಗೆ ಅತ್ಯಲ್ಪವಾಗಿ ತೋರುವುವು. ಆದರೆ ಕೇಳುವ ಮಗುವಿಗೆ ಆ ಹೊತ್ತಿನಲ್ಲಿ ಅವಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿರುವುದಿಲ್ಲ. ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ಮನೆಯಲ್ಲಿ ಅಂತಹ ಪ್ರಶ್ನೆಯೊಂದು ಎದ್ದಿತು. ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ನಮ್ಮ ತಮ್ಮನ ಮಗಳು ಶಾಲೆಯಿಂದ ಬಂದವಳೇ ಚೀಲವನ್ನು ಮೂಲೆಗಿಟ್ಟು, "ದೊಡ್ಡಪ್ಪ, ನಾನು ಖೋ-ಖೋ ತಂಡವನ್ನು ಬಿಟ್ಟುಬಿಡಲೇ?" ಎಂದು ಕೇಳಿದಳು. ಏಕೆಂದು ವಿಚಾರಿಸಿದರೆ, "ಮನಸ್ಸಿಲ್ಲ" ಎಂಬ ಒಂದೇ ಮಾತು. ಮೂರು ವರ್ಷಗಳಿಂದ ಆಕೆಯು ಆ ತಂಡದಲ್ಲಿದ್ದಳು. ತಾಲ್ಲೂಕು ಮಟ್ಟದ ಪಂದ್ಯಗಳಿಗೆ ಒಂದು ತಿಂಗಳು ಮಾತ್ರ ಉಳಿದಿತ್ತು.

ಮನೆಯಲ್ಲಿ ಒಡನೆಯೇ ಮೂರು ಪಕ್ಷಗಳಾದುವು. ಹಿಡಿದ ಕೆಲಸವನ್ನು ನಡುವೆ ಬಿಡುವುದು ಕೆಟ್ಟ ಅಭ್ಯಾಸ, ಇಂದು ಖೋ-ಖೋ ಬಿಟ್ಟವಳು ನಾಳೆ ಗಣಿತವನ್ನೂ ಬಿಟ್ಟಾಳು ಎಂದು ತಂದೆಯ ವಾದ. ಬರುವ ವರ್ಷ ಎಸ್.ಎಸ್.ಎಲ್.ಸಿ. ಪರೀಕ್ಷೆ, ತಾನಾಗಿಯೇ ಬಿಡುವುದಾದರೆ ಅದಕ್ಕಿಂತ ಒಳ್ಳೆಯದಿಲ್ಲ ಎಂದು ತಾಯಿಯ ವಾದ. ಹೆಣ್ಣುಮಗು ಬಿಸಿಲಿನಲ್ಲಿ ಓಡಿ ಮೊಣಕಾಲು ಕೆತ್ತಿಸಿಕೊಂಡು ಬರುವುದು ಮೊದಲಿನಿಂದಲೂ ತಮಗೆ ಒಪ್ಪಿಗೆಯಿರಲಿಲ್ಲವೆಂದು ನಮ್ಮ ವೃದ್ಧಮಾತೆಯವರ ಅಭಿಪ್ರಾಯ. ಮೂವರೂ ಹಿತವನ್ನೇ ನುಡಿದರು. ಆದರೆ ಒಬ್ಬೊಬ್ಬರೂ ತಮ್ಮ ಮನಸ್ಸಿನಲ್ಲಿದ್ದುದನ್ನು ಹೇಳಿದರಲ್ಲದೆ, ಹುಡುಗಿಯ ಮನಸ್ಸಿನಲ್ಲಿ ಏನಿದೆಯೆಂದು ಕೇಳಲಿಲ್ಲ. ನಾವಾದರೋ ಸುಮ್ಮನಿದ್ದೆವು. ಅದಕ್ಕೆ ಕಾರಣ ನಮ್ಮ ವಿವೇಕವಲ್ಲ. ಹಿಂದೆ ನಾವು ಮಾಡಿದ್ದ ಒಂದು ತಪ್ಪು.

ಅದು ಇಪ್ಪತ್ತೈದು ವರ್ಷಗಳಿಗೂ ಹಿಂದಿನ ಮಾತು. ನಾವು ಪ್ರೌಢಶಾಲೆಯೊಂದರಲ್ಲಿ ಸಂಸ್ಕೃತವನ್ನು ಕಲಿಸುತ್ತಿದ್ದೆವು. ಸಂಸ್ಕೃತದ ಮೇಷ್ಟರಿಗೆ ಬಿಡುವು ಹೆಚ್ಚೆಂಬ ನಂಬಿಕೆಯಿಂದಲೋ ಏನೋ, ವಾಲಿಬಾಲ್ ತಂಡವನ್ನು ಪಂದ್ಯಗಳಿಗೆ ಕರೆದೊಯ್ಯುವ ಹೊಣೆಯೂ ನಮ್ಮದಾಗಿತ್ತು. ತಂಡದಲ್ಲಿ ಎತ್ತರದ ಹುಡುಗನೊಬ್ಬನಿದ್ದನು. ಬಲೆಯ ಮೇಲೆ ಹಾರಿ ಅವನು ಚೆಂಡನ್ನು ಬಡಿದನೆಂದರೆ ಎದುರಾಳಿಗಳು ಕೈಚಾಚುವ ಮೊದಲೇ ಅದು ನೆಲ ಮುಟ್ಟಿರುತ್ತಿತ್ತು. ಆತನು ಒಂದು ದಿನ ಉಪಾಧ್ಯಾಯರ ಕೊಠಡಿಯ ಬಾಗಿಲಲ್ಲಿ ನಿಂತು, "ಸಾರ್, ತಂಡದಲ್ಲಿರಲು ಮನಸ್ಸಿಲ್ಲ" ಎಂದನು. ನಾವು ಅವನನ್ನು ಎದುರಿಗೆ ನಿಲ್ಲಿಸಿಕೊಂಡು ಧೈರ್ಯ, ಕರ್ತವ್ಯ, ಚಾಂಚಲ್ಯ ಮುಂತಾದ ವಿಷಯಗಳ ಮೇಲೆ ಕಾಲುಗಂಟೆ ಉಪದೇಶ ಮಾಡಿದೆವು. ಆತನು ತಲೆತಗ್ಗಿಸಿ ಕೇಳಿ, ಮರುದಿನ ಎಂದಿನಂತೆ ಅಂಗಳಕ್ಕೆ ಬಂದನು. ನಮ್ಮ ಮಾತಿಗೆ ಎಷ್ಟು ಶಕ್ತಿಯಿದೆಯೆಂದು ನಾವು ಒಳಗೊಳಗೇ ಹಿಗ್ಗಿದೆವು.

ಜಿಲ್ಲಾಮಟ್ಟದ ಪಂದ್ಯದ ದಿನ ಆ ಹುಡುಗನು ಆಟದ ನಡುವೆ ಅಂಗಳದ ಅಂಚಿಗೆ ಬಂದು ಕುಳಿತುಬಿಟ್ಟನು. ಏಳಲಾಗಲಿಲ್ಲ. ವೈದ್ಯರು ಮಂಡಿಚಿಪ್ಪಿನ ಕೆಳಗೆ ಉಬ್ಬಿದ್ದ ಎಲುಬಿನ ಮೇಲೆ ಬೆರಳಿಟ್ಟೊಡನೆಯೇ ಆತನು ಚೀರಿದನು. ಎಷ್ಟು ದಿನಗಳಿಂದ ನೋವಿದೆಯೆಂದು ಕೇಳಿದರೆ, "ಐದು ತಿಂಗಳು" ಎಂದನು. ಆಸ್‌ಗುಡ್–ಶ್ಲಾಟರ್ ಎಂಬುದು ಆ ವ್ಯಾಧಿಯ ಹೆಸರು. ಬೆಳೆಯುವ ವಯಸ್ಸಿನ ಮಕ್ಕಳಲ್ಲಿ, ಮುಖ್ಯವಾಗಿ ಓಡುವ ಹಾರುವ ಆಟಗಳನ್ನು ಆಡುವವರಲ್ಲಿ, ಮಂಡಿಯ ಸ್ನಾಯುರಜ್ಜು ಮೊಣಕಾಲಿನ ಕೆಳಗಣ ಎಲುಬಿಗೆ ಅಂಟುವ ಜಾಗವನ್ನು ಮತ್ತೆ ಮತ್ತೆ ಸೆಳೆಯುವುದರಿಂದ ಅಲ್ಲಿ ಬಾವೂ ನೋವೂ ಉಂಟಾಗುವುವು. ಬೆಳವಣಿಗೆ ಮುಗಿದಾಗ ಬಹುಪಾಲು ಮಕ್ಕಳಲ್ಲಿ ಅದು ತಾನಾಗಿ ಶಮನವಾಗುವುದು. ಆದರೆ ನೋವಿರುವಾಗ ಹಾರಾಟವನ್ನು ಕಡಿಮೆ ಮಾಡಲೇಬೇಕು. ನಾವು ಮಾಡಿಸಿದ್ದು ಅದಕ್ಕೆ ತೀರ ವಿರುದ್ಧ. ನಮಗೇಕೆ ಹೇಳಲಿಲ್ಲವೆಂದು ಕೇಳಿದೆವು. "ನೋವು ಎಂದರೆ ಹೆದರುಪುಕ್ಕ ಎನ್ನುತ್ತಾರೆ ಸಾರ್. ಅದಕ್ಕೇ ಮನಸ್ಸಿಲ್ಲ ಎಂದೆ" ಎಂದನು. ಆತನು ಮತ್ತೆ ಅಂಗಳಕ್ಕೆ ಬರಲಿಲ್ಲ.

ಅಂದಿನಿಂದ, 'ಮನಸ್ಸಿಲ್ಲ' ಎಂಬುದು ಒಂದು ಉತ್ತರವಲ್ಲ, ಅದೊಂದು ಮುಚ್ಚಳ ಎಂದು ನಾವು ತಿಳಿದಿದ್ದೇವೆ. ಮುಚ್ಚಳವನ್ನು ತೆಗೆದು ನೋಡದೆ, ಇರು ಎಂದು ಹೇಳುವುದೂ ತಪ್ಪು, ಬಿಡು ಎಂದು ಹೇಳುವುದೂ ತಪ್ಪು.

ಒಳಗೆ ಏನಿರಬಹುದೆಂಬುದನ್ನು ಗುರುತಿಸಲು ನಮಗೆ ನೆರವಾದುದು ನಮ್ಮ ಹಳೆಯ ಓದು. ಭರತಮುನಿಯ ನಾಟ್ಯಶಾಸ್ತ್ರದಲ್ಲಿ ವೀರರಸಕ್ಕೆ ಉತ್ಸಾಹವೇ ಸ್ಥಾಯಿಭಾವ. ಆಟವೂ ಒಂದು ಬಗೆಯ ವೀರಕರ್ಮವಾದುದರಿಂದ ಅದಕ್ಕೂ ಉತ್ಸಾಹವೇ ಮೂಲಧನ. ಬಂದು ಹೋಗುವ ಭಾವಗಳನ್ನು ಅದೇ ಗ್ರಂಥವು ವ್ಯಭಿಚಾರಿಭಾವಗಳೆಂದು ಕರೆದು ಮೂವತ್ತಮೂರನ್ನು ಎಣಿಸಿದೆ. ಆ ಪಟ್ಟಿಯಲ್ಲಿ ಮೊದಲನೆಯದು ನಿರ್ವೇದ. ಅದರ ಹಿಂದೆಯೇ ಗ್ಲಾನಿ, ಶಂಕೆ, ಅಸೂಯೆ. ಸ್ವಲ್ಪ ಮುಂದೆ ಶ್ರಮ, ಆಲಸ್ಯ. ನಟರಿಗಾಗಿ ಮಾಡಿದ ಪಟ್ಟಿಯಾದರೂ ಮಕ್ಕಳಿರುವ ಮನೆಗೂ ಇದು ಒದಗತಕ್ಕದ್ದೇ. ಏಕೆಂದರೆ ಹೊರಗಿನಿಂದ ನೋಡುವವರಿಗೆ ಈ ಆರೂ ಒಂದೇ ರೀತಿ ಕಾಣುವುವು: ಮಗುವು ಚೀಲವನ್ನು ಮೂಲೆಗಿಟ್ಟು, ಮನಸ್ಸಿಲ್ಲವೆನ್ನುವುದು.

ಗ್ಲಾನಿಯೂ ಶ್ರಮವೂ ದೇಹಕ್ಕೆ ಸೇರಿದುವು. ನಿದ್ರೆ ಸಾಲದೆ ಇರಬಹುದು, ಎಲ್ಲಿಯೋ ನೋವಿರಬಹುದು, ರಕ್ತದಲ್ಲಿ ಕಬ್ಬಿಣಾಂಶ ಕಡಿಮೆಯಾಗಿರಬಹುದು. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಹದಿನೈದರಿಂದ ಹತ್ತೊಂಬತ್ತು ವಯಸ್ಸಿನ ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ರಕ್ತಹೀನತೆಯಿದ್ದಿತು. ಅಂತಹ ಮಗುವಿಗೆ ಬೇಕಾದುದು ವೈದ್ಯರೇ ಹೊರತು ಉಪದೇಶವಲ್ಲ. ಶಂಕೆಯೆಂದರೆ ಭಯ. ಬೈಗುಳದ ಭಯ, ಗೇಲಿಯ ಭಯ, ಅಥವಾ ಹೇಳಲಾಗದ ಇನ್ನಾವುದೋ ಭಯ. ಇಲ್ಲಿ ಮಗುವನ್ನು ತಂಡದಲ್ಲಿ ನಿಲ್ಲಿಸುವುದು ಧೈರ್ಯದ ಪಾಠವಾಗದು. ಮನೆಯ ಹಿರಿಯರೇ ಶಾಲೆಗೆ ಹೋಗಿ ವಿಚಾರಿಸಬೇಕು. ಯಾರದಾದರೂ ನಡತೆಯಲ್ಲಿ ದೋಷವಿದ್ದರೆ ಆ ದಿನವೇ ಬಿಡಿಸಬೇಕು.

ಅಸೂಯೆಯ ವಿಷಯ ಬೇರೆ. ಖೋ-ಖೋ ತಂಡದಲ್ಲಿ ಹನ್ನೆರಡು ಮಂದಿಯ ಹೆಸರಿದ್ದರೂ ಅಂಗಳಕ್ಕಿಳಿಯುವವರು ಒಂಬತ್ತೇ ಮಂದಿ. ಹೊರಗುಳಿದವಳಿಗೂ ನಾಯಕಿಯ ಪಟ್ಟ ತಪ್ಪಿದವಳಿಗೂ ಆಟದ ಮೇಲೆ ಬೇಸರ ಬಂದರೆ ಅದು ಸಹಜವೇ. ಆದರೆ ಅದು ಆಟದ ಮೇಲಿನ ಬೇಸರವಲ್ಲ. ಒಂದೆರಡು ವಾರ ಕಳೆದರೆ ತಿಳಿಯಾದೀತು. ಆಲಸ್ಯವನ್ನು ಗುರುತಿಸುವುದಂತೂ ಸುಲಭ. ಬೆಳಗ್ಗೆ ಏಳಲಾರದೆ ಗೊಣಗಿದ ಮಗುವು ಅಂಗಳವನ್ನು ಸೇರಿದ ಮೇಲೆ ಎಲ್ಲರಿಗಿಂತ ಹೆಚ್ಚು ಕೂಗುತ್ತಿದ್ದರೆ ಅದು ಆಲಸ್ಯವೇ. ಅದಕ್ಕೆ ರಾತ್ರಿ ಬೇಗ ಮಲಗಿಸುವುದೇ ಪರಿಹಾರ.

ಉಳಿದುದು ನಿರ್ವೇದ. ದೇಹ ಚೆನ್ನಾಗಿದೆ, ಭಯವಿಲ್ಲ, ಜಗಳವಿಲ್ಲ. ಆದರೂ ಗೆದ್ದರೆ ಹರ್ಷವಿಲ್ಲ, ಸೋತರೆ ಕೊರಗಿಲ್ಲ. ಇದು ದೋಷವೆಂದು ನಮಗೆ ತೋರುವುದಿಲ್ಲ. ಹನ್ನೊಂದನೆಯ ವರ್ಷದಲ್ಲಿ ಅಳತೆ ಕೊಟ್ಟು ಹೊಲಿಸಿದ ಅಂಗಿಯು ಹದಿನಾಲ್ಕನೆಯ ವರ್ಷದಲ್ಲಿ ಮೈಗೆ ಒಗ್ಗದಿದ್ದರೆ ನಾವು ಮಗುವನ್ನು ಬೈಯುತ್ತೇವೆಯೆ? ಆದರೆ ಇಲ್ಲೊಂದು ತೊಡಕಿದೆ. ಭರತನು ಬಂದು ಹೋಗುವ ಭಾವಗಳಲ್ಲಿ ಎಣಿಸಿದ ಈ ನಿರ್ವೇದವನ್ನೇ ಮಮ್ಮಟನು ಶಾಂತರಸಕ್ಕೆ ಸ್ಥಾಯಿಭಾವವೆಂದು ಹೇಳಿದನು. ಎಂದರೆ, ಒಂದೇ ನಿರ್ವೇದವು ಬಂದು ಹೋಗುವುದೂ ಆಗಬಹುದು, ಬಂದು ನಿಲ್ಲುವುದೂ ಆಗಬಹುದು. ಯಾವುದೆಂದು ಹೇಳಬಲ್ಲುದು ಕಾಲವೊಂದೇ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಎರಡು ಸಂಜೆ ಹುಡುಗಿಯೊಡನೆ ಕೆರೆಯ ಏರಿಯ ಮೇಲೆ ತಿರುಗಾಡಿದೆವು. ಅದಕ್ಕೆ ಮುಂಚೆಯೇ ತಾಯಿಯು ಆಕೆಯನ್ನು ವೈದ್ಯರಲ್ಲಿಗೆ ಕರೆದೊಯ್ದಿದ್ದಳು. ರಕ್ತಪರೀಕ್ಷೆಯಲ್ಲಿ ಕೊರತೆಯೇನೂ ಕಾಣಲಿಲ್ಲ. ಭಯವೇನಾದರೂ ಇದೆಯೇ ಎಂದರೆ ಇಲ್ಲ. ಗೆಳತಿಯರೊಡನೆ ಮನಸ್ತಾಪವೇ ಎಂದರೆ ನಕ್ಕಳು. "ಹೋಬಳಿ ಪಂದ್ಯದಲ್ಲಿ ಗೆದ್ದಿರಲ್ಲ, ಆ ದಿನ ಹೇಗಿತ್ತು?" ಎಂದು ಕೇಳಿದೆವು. ಸ್ವಲ್ಪ ಹೊತ್ತು ಯೋಚಿಸಿ, "ಎಲ್ಲರೂ ಕೂಗಿದರು, ನಾನೂ ಕೂಗಿದೆ. ಮನೆಗೆ ಎಷ್ಟು ಹೊತ್ತಿಗೆ ಹೋಗುತ್ತೇವೋ ಎನ್ನಿಸುತ್ತಿತ್ತು" ಎಂದಳು. ಹಾಗಾದರೆ ಬೇರೆ ಯಾವುದರಲ್ಲಿ ಮನಸ್ಸಿದೆಯೆಂದು ಕೇಳಿದುದಕ್ಕೆ, "ಗೊತ್ತಿಲ್ಲ" ಎಂದಳು. ಈ ಉತ್ತರವನ್ನು ಕೇಳಿ ತಂದೆಯು, ನೋಡಿದಿರಾ ಎಂಬಂತೆ ನಮ್ಮ ಮುಖವನ್ನು ನೋಡಿದನು. ನಮಗಾದರೋ ಅದು ಪ್ರಾಮಾಣಿಕವಾದ ಮಾತೆಂದು ತೋರಿತು. ಒಂದನ್ನು ಬಿಡುವ ಮಗುವು ಕೂಡಲೇ ಇನ್ನೊಂದನ್ನು ತೋರಿಸಬೇಕೆಂದು ಬಯಸುವವರು ನಾವು ಹಿರಿಯರು.

ತಂದೆಯ ವಾದದಲ್ಲಿ ಮುಖ್ಯವಾದುದು, ಮೂರು ವರ್ಷಗಳ ಶ್ರಮವು ವ್ಯರ್ಥವಾಗುವುದಲ್ಲಾ ಎಂಬುದು. ಇದು ನಮ್ಮೆಲ್ಲರಲ್ಲಿಯೂ ಇರುವ ಭ್ರಮೆ. ಅಮೆರಿಕೆಯ ಆರ್ಕ್ಸ್ ಮತ್ತು ಬ್ಲೂಮರ್ ಎಂಬ ಪಂಡಿತರು ೧೯೮೫ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ನಾಟಕಗಳಿಗೆ ವರ್ಷದ ಟಿಕೆಟ್ ಕೊಳ್ಳಲು ಬಂದವರಲ್ಲಿ ಕೆಲವರಿಗೆ ಪೂರ್ಣಬೆಲೆಗೂ ಕೆಲವರಿಗೆ ರಿಯಾಯಿತಿಯಲ್ಲಿಯೂ ಟಿಕೆಟ್ ಕೊಟ್ಟು ನೋಡಲಾಗಿ, ವರ್ಷದ ಮೊದಲರ್ಧದಲ್ಲಿ ಪೂರ್ಣಬೆಲೆ ತೆತ್ತವರೇ ಹೆಚ್ಚು ನಾಟಕಗಳಿಗೆ ಹೋದರು. ನಾಟಕಗಳು ಅವೇ, ಕೊಟ್ಟ ಹಣ ಮಾತ್ರ ಬೇರೆ. ಕಳೆದ ಮೂರು ವರ್ಷಗಳು ಹುಡುಗಿಗೆ ಕೊಡಬೇಕಾದ ಕಸುವನ್ನೂ ಗೆಳೆತನವನ್ನೂ ಆಗಲೇ ಕೊಟ್ಟಿವೆ. ನಾಲ್ಕನೆಯ ವರ್ಷವನ್ನು ಅದರದೇ ಯೋಗ್ಯತೆಯಿಂದ ಅಳೆಯಬೇಕು.

ಪ್ರಮಾಣಪತ್ರವಾದರೂ ದೊರೆಯಲಿ, ಮುಂದೆ ಕ್ರೀಡಾ ಮೀಸಲಿಗೆ ಬಂದೀತು ಎಂಬುದು ಇನ್ನೊಂದು ವಾದ. ಇದರಲ್ಲಿ ಸತ್ಯವಿಲ್ಲದಿಲ್ಲ. ಆದರೆ ೧೯೭೩ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬವರು ಶಿಶುವಿಹಾರದ ಮಕ್ಕಳಲ್ಲಿ ಕಂಡುದೇನೆಂದರೆ, ಚಿತ್ರ ಬರೆದರೆ ಬಹುಮಾನ ಕೊಡುವೆವೆಂದು ಮೊದಲೇ ಹೇಳಿ ಬರೆಯಿಸಿದ ಮಕ್ಕಳು, ಆಮೇಲೆ ಬಿಡುವಿನ ವೇಳೆಯಲ್ಲಿ ತಾವಾಗಿ ಚಿತ್ರ ಬರೆಯುವುದನ್ನು ಕಡಿಮೆ ಮಾಡಿದರು. ಫಲವನ್ನು ತೋರಿಸಿ ಆಡಿಸಿದ ಆಟವು ಕೂಲಿಯಾಗಿಬಿಡುವುದು.

ಬಿಟ್ಟವರು ಕೆಟ್ಟರೆಂಬುದೂ ನಿಜವಲ್ಲ. ಆಸ್ಟ್ರೇಲಿಯಾದ ಆಶ್ಲಿ ಬಾರ್ಟಿಯು ೨೦೧೪ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಟೆನಿಸ್ ಆಟವನ್ನು ಬಿಟ್ಟು ಕೆಲವು ಕಾಲ ಕ್ರಿಕೆಟ್ ಆಡಿದಳು. ೨೦೧೬ರಲ್ಲಿ ಹಿಂದಿರುಗಿ, ೨೦೧೯ರಲ್ಲಿ ಫ್ರೆಂಚ್ ಓಪನ್, ೨೦೨೧ರಲ್ಲಿ ವಿಂಬಲ್ಡನ್, ೨೦೨೨ರಲ್ಲಿ ತನ್ನ ದೇಶದ್ದೇ ಆದ ಆಸ್ಟ್ರೇಲಿಯನ್ ಓಪನ್ ಪ್ರಶಸ್ತಿಗಳನ್ನು ಗಳಿಸಿದಳು. ಅದೇ ವರ್ಷ ಮಾರ್ಚ್ ತಿಂಗಳಿನಲ್ಲಿ, ಜಗತ್ತಿನ ಮೊದಲನೆಯ ಸ್ಥಾನದಲ್ಲಿದ್ದಾಗಲೇ, ಮತ್ತೆ ಬಿಟ್ಟಳು. ಬಿಡುವುದೆಂದರೆ ಬಾಗಿಲಿಗೆ ಬೀಗ ಹಾಕುವುದೆಂದು ತಿಳಿಯಬೇಕಾಗಿಲ್ಲ.

ಇಷ್ಟನ್ನು ಹೇಳಿದ ಮೇಲೆ ತಂದೆಯ ಪಕ್ಷದಲ್ಲಿರುವ ನ್ಯಾಯವನ್ನೂ ಹೇಳಬೇಕು. ಒಬ್ಬಳೇ ಕಲಿಯುವ ವೀಣೆಯನ್ನು ಬಿಡುವುದಕ್ಕೂ ತಂಡವನ್ನು ಬಿಡುವುದಕ್ಕೂ ಭೇದವಿದೆ. ಖೋ-ಖೋ ಆಟದಲ್ಲಿ ಎಂಟು ಮಂದಿ ಸಾಲಾಗಿ, ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಮುಖಮಾಡಿ ಕುಳಿತಿರುವರು. ಬೆನ್ನಟ್ಟುವವಳು ನಡುಗೆರೆಯನ್ನು ದಾಟುವಂತಿಲ್ಲ, ಹಿಂದಿರುಗುವಂತಿಲ್ಲ. ಕುಳಿತವಳ ಬೆನ್ನು ಮುಟ್ಟಿ 'ಖೋ' ಎಂದು ತನ್ನ ಓಟವನ್ನೇ ಆಕೆಗೆ ಒಪ್ಪಿಸಬೇಕು. ಕುಳಿತವಳ ಮನಸ್ಸು ಆ ಕ್ಷಣದಲ್ಲಿ ಅಲ್ಲಿಲ್ಲದಿದ್ದರೆ ಉಳಿದವರೆಲ್ಲರ ಓಟವೂ ವ್ಯರ್ಥ. ಆದುದರಿಂದ ಮನಸ್ಸಿಲ್ಲದೆ ವರ್ಷಗಟ್ಟಲೆ ಕುಳಿತಿರುವುದೂ ಗೆಳತಿಯರಿಗೆ ದ್ರೋಹವೇ. ಪಂದ್ಯ ಒಂದು ತಿಂಗಳಿರುವಾಗ ಜಾಗವನ್ನು ಬರಿದುಮಾಡಿ ಎದ್ದುಹೋಗುವುದೂ ದ್ರೋಹವೇ.

ಆದಕಾರಣ ನಾವು ಹುಡುಗಿಗೆ ಹೇಳಿದುದು ಇಷ್ಟೇ: "ನೀನು ಮಾತು ಕೊಟ್ಟಿರುವುದು ಈ ವರ್ಷದ ಪಂದ್ಯಗಳಿಗೆ, ಜನ್ಮಕ್ಕಲ್ಲ. ಈ ವರ್ಷದ್ದನ್ನು ಮುಗಿಸು. ಆಗಲೂ ಮನಸ್ಸು ಹೀಗೆಯೇ ಇದ್ದರೆ ಬಿಡು; ಯಾರೂ ಕೇಳುವುದಿಲ್ಲ. ಆದರೆ ನಿನ್ನ ಮೇಷ್ಟರಿಗೆ ನೀನೇ ಹೇಳಬೇಕು, ಅಪ್ಪನ ಚೀಟಿಯಲ್ಲ. ಈಗಲೇ ಹೇಳಿದರೆ ಅವರು ಬೇರೊಬ್ಬಳನ್ನು ಸಿದ್ಧಪಡಿಸುವರು." ಹೀಗೆ ಮಾಡಿದರೆ ತಂಡದ ಋಣವೂ ತೀರುವುದು, ನಿರ್ವೇದವು ನಿಲ್ಲುವುದೋ ಹೋಗುವುದೋ ಎಂಬುದೂ ತಿಳಿಯುವುದು. ದೇಹಕ್ಕೆ ನೋವೋ ಮನಸ್ಸಿಗೆ ಭಯವೋ ಇದ್ದಿದ್ದರೆ ನಾವು ಈ ಮಾತನ್ನು ಆಡುತ್ತಿರಲಿಲ್ಲ.

ಆಕೆಯು ಹೋಗಿ ಹೇಳಿದಳು. ಮೇಷ್ಟರಿಗೆ ಎರಡು ದಿನ ಕೋಪವಿದ್ದಿತಂತೆ. ಮೂರನೆಯ ದಿನ ಎಂಟನೆಯ ತರಗತಿಯ ಹುಡುಗಿಯೊಬ್ಬಳನ್ನು ಕರೆತಂದು, ಇವಳಿಗೆ ನಿನ್ನ ಜಾಗವನ್ನು ಕಲಿಸು ಎಂದರಂತೆ. ತಾಲ್ಲೂಕು ಪಂದ್ಯದಲ್ಲಿ ತಂಡವು ಉಪಾಂತ್ಯದಲ್ಲಿ ಸೋತಿತು. ಆ ರಾತ್ರಿ ನಮ್ಮ ಹುಡುಗಿ ಊಟಮಾಡದೆ ಅತ್ತಳು. ಮನಸ್ಸಿಲ್ಲವೆಂದವಳು ಅಳುವುದೇಕೆ ಎಂದು ತಮ್ಮನು ನಮ್ಮನ್ನು ಕೇಳಿದನು. ನಮ್ಮಲ್ಲಿ ಉತ್ತರವಿರಲಿಲ್ಲ. ಬೆಳಗ್ಗೆ ಆಕೆಯನ್ನೇ ಕೇಳಿದಾಗ, "ಅವರೆಲ್ಲ ಅಳುತ್ತಿದ್ದರು ದೊಡ್ಡಪ್ಪ, ಅದಕ್ಕೆ" ಎಂದಳು. ಆ ವಾರವೇ ತಂಡವನ್ನು ಬಿಟ್ಟಳು. ಈಗ ಕೆಲವು ಸಂಜೆ ಅಂಗಳದ ಅಂಚಿನಲ್ಲಿ ನಿಂತು ತನ್ನ ಜಾಗದಲ್ಲಿ ಕುಳಿತ ಹುಡುಗಿಗೆ ಕೂಗಿ ಹೇಳುವುದುಂಟು. ಕೆಲವು ಸಂಜೆ ಆ ಕಡೆಗೆ ಹೋಗುವುದೇ ಇಲ್ಲ. ಮಗಳು ಮಾಡಿದ್ದು ಸರಿಯೆಂದು ತಮ್ಮನು ಇನ್ನೂ ಪೂರ್ಣವಾಗಿ ಒಪ್ಪಿಲ್ಲ.

ವಾಲಿಬಾಲ್ ಆಡುತ್ತಿದ್ದ ಆ ಹುಡುಗನು ಈಗ ಗೃಹಸ್ಥನು. ಕೆಲವು ವರ್ಷಗಳ ಹಿಂದೆ ಬಸ್ ನಿಲ್ದಾಣದಲ್ಲಿ ಕಂಡು ನಮಸ್ಕರಿಸಿದನು. ಮಂಡಿಯು ಹೇಗಿದೆಯೆಂದು ಕೇಳಿದೆವು. ನೋವು ಎಂದೋ ಹೋಯಿತೆಂದು ನಕ್ಕನು. ಅಂದು ಆತನು ಬಾಗಿಲಲ್ಲಿ ನಿಂತಿದ್ದಾಗ ನಾವು ಕಾಲುಗಂಟೆ ಮಾತನಾಡಿದೆವು. ಏಕಪ್ಪಾ, ಏನಾಗಿದೆ ಎಂದು ಒಂದು ಸಲ ಕೇಳಿ ಸುಮ್ಮನೆ ಕುಳಿತಿದ್ದರೆ ಸಾಕಾಗಿತ್ತು.